ಅಪ್ಪನ ಕ್ಷೇತ್ರದಲ್ಲಿ ಮಗಳು ನಿಲ್ಲಬಹುದಾ?

ಪ್ರಶ್ನೆ: ನನಗೆ 39 ವರ್ಷ. ದಂತವೈದ್ಯೆ. ಮೈಸೂರಿನಲ್ಲಿ ಸ್ವಂತ ಕ್ಲಿನಿಕ್ ಇದೆ. ನಮ್ಮಪ್ಪ ಮೂರು ಸಲ ಗೆದ್ದವರು. ಶಾಸಕರಾಗಿರುವಾಗಲೇ ಎರಡು ತಿಂಗಳ ಹಿಂದೆ ತೀರಿಕೊಂಡರು. ತಿಥಿ ಮುಗಿದ ಮಾರನೇ ದಿನವೇ ಪಕ್ಷದವರು ಮನೆಗೆ ಬಂದು, ಉಪಚುನಾವಣೆಗೆ ನೀವೇ ನಿಲ್ಲಬೇಕು, ಅನುಕಂಪದ ಅಲೆ ಇದೆ, ಗೆಲುವು ಗ್ಯಾರಂಟಿ ಎಂದರು. ಅಣ್ಣನ ಮೇಲೆ ಒಂದು ಕೇಸಿದೆ, ಹಾಗಾಗಿ ಅವನಿಗೆ ಟಿಕೆಟ್ ಕೊಡಲ್ಲವಂತೆ. ಅಣ್ಣ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ. ಮದುವೆಯಾಗಿ ಬೇರೆ ಊರಿಗೆ ಹೋದವಳು, ವೋಟೂ ಅಲ್ಲೇ ಇದೆ, ಇವಳು ಹೇಗೆ ನಿಲ್ಲುತ್ತಾಳೆ ಎಂದು ಊರಲ್ಲಿ ಕೆಲವರು ಕೇಳುತ್ತಿದ್ದಾರೆ. ಅಪ್ಪ ಚುನಾವಣೆಗೆ ಮಾಡಿದ ಸಾಲ ಇನ್ನೂ ಇದೆ. ನನಗೆ ರಾಜಕೀಯ ಗೊತ್ತಿಲ್ಲ ಅಂತಲ್ಲ, ಅದರ ಮಧ್ಯೆಯೇ ಬೆಳೆದವಳು. ಆದರೆ ನಾನು ನಿಂತರೆ ಅದು ನನ್ನ ರಾಜಕೀಯ ಆಗುತ್ತಾ? ಒಂದು ಅವಧಿ ಇದ್ದು ವಾಪಸ್ ಕ್ಲಿನಿಕ್‌ಗೆ ಬರಬಹುದಾ? ಉಳಿದದ್ದನ್ನೆಲ್ಲ ಅಣ್ಣ ನೋಡ್ಕೊಳ್ತಾನಂತೆ.

ಉತ್ತರ: ಪತ್ರದ ಕೊನೆಯ ಸಾಲನ್ನು ನೀವು ಹಾಗೇ ಸುಮ್ನೆ ಬರೆದಿದ್ದೀರಿ. ನನ್ನ ಕಣ್ಣು ನಿಂತಿದ್ದು ಅಲ್ಲೇ. ಅಭ್ಯರ್ಥಿಗಳ ನಾಮಪತ್ರ ಸಿದ್ಧ ಮಾಡಿಕೊಡುವುದು, ಗೆದ್ದ ಮೇಲೆ ಯಾರಾದರೂ ತಕರಾರು ತೆಗೆದರೆ ಹೈಕೋರ್ಟಿನಲ್ಲಿ ನಡೆಸುವುದು ನನ್ನ ಕಸುಬು. ಇಂಥ ಮನೆಗಳ ಹೆಣ್ಣುಮಕ್ಕಳು ನನ್ನ ಎದುರು ಕೂತಾಗ "ನೋಡ್ಕೊಳ್ತೀವಿ" ಎನ್ನುವವರು ಒಬ್ಬರಾದರೂ ಪಕ್ಕದಲ್ಲಿ ಇದ್ದೇ ಇರುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಊರವರ ಮಾತು.

ಮದುವೆಯಾಗಿ ಹೊರಗೆ ಹೋದವಳು ನಿಲ್ಲುವಂತಿಲ್ಲ ಅನ್ನುವುದು ಸುಳ್ಳು. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಅದೇ ಕ್ಷೇತ್ರದಲ್ಲಿ ಇರಬೇಕೆಂದಿಲ್ಲ. ಆದರೆ ಕಾನೂನು ಬಿಟ್ಟರೂ ಜನ ಬಿಡಲ್ಲ. ಗೆದ್ದ ಮೇಲೆ ಮೈಸೂರಿನಿಂದ ವಾರಕ್ಕೆರಡು ದಿನ ಬಂದು ಹೋಗುವ ಶಾಸಕಿ ಅಂತ ಒಮ್ಮೆ ಹೆಸರಾಯಿತೋ, ಮುಗಿಯಿತು.

ಅಣ್ಣನ ಗುತ್ತಿಗೆಯಿಂದ ನೀವು ಅನರ್ಹರಾಗುತ್ತೀರಾ? ಗುತ್ತಿಗೆ ಅವರದ್ದಷ್ಟೇ ಆಗಿದ್ದರೆ ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ನೋಡುವುದು ಅಭ್ಯರ್ಥಿಗೇ ಸರ್ಕಾರದ ಜೊತೆ ಚಾಲ್ತಿಯಲ್ಲಿರುವ ಗುತ್ತಿಗೆ ಇದೆಯಾ ಎಂದು. ಆದರೆ ಒಂದು ವಿಷಯ ಇವತ್ತೇ ವಿಚಾರಿಸಿ. ನಮ್ಮ ಕಡೆ ಗುತ್ತಿಗೆದಾರರ ಪಾಲುದಾರಿಕೆ ಸಂಸ್ಥೆಗಳಲ್ಲಿ ಮನೆಯ ಹೆಂಗಸರ ಹೆಸರು ಸೇರಿಸುವುದು ರೂಢಿ. ಎಂದೋ ಹಬ್ಬಕ್ಕೆ ತವರಿಗೆ ಬಂದಾಗ "ಇಲ್ಲೊಂದು ಸಹಿ ಹಾಕಮ್ಮ" ಅಂದಿರುತ್ತಾರೆ, ಹಾಕಿರುತ್ತೀರಿ. ಆ ಸಂಸ್ಥೆಯ ಹೆಸರಿನಲ್ಲಿ ಒಂದು ರಸ್ತೆ ಕಾಮಗಾರಿ ನಡೆಯುತ್ತಿದ್ದರೂ ನಾಮಪತ್ರ ಪರಿಶೀಲನೆಯ ದಿನ ಎದುರಾಳಿಯ ವಕೀಲ ಅದನ್ನೇ ಎತ್ತಿಕೊಂಡು ನಿಲ್ಲುತ್ತಾನೆ. ಅಣ್ಣನ ಲೆಕ್ಕಪರಿಶೋಧಕರ ಹತ್ತಿರ ನೇರವಾಗಿ ಕೇಳಿ. ಅಣ್ಣನ ಮೂಲಕ ಕೇಳಬೇಡಿ.

ಸಾಲದ ವಿಷಯ. ಅಪ್ಪನ ಕೈಸಾಲ ನಿಮ್ಮ ತಲೆಗೆ ತಾನಾಗಿ ಬರುವುದಿಲ್ಲ. ಅವರಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಹಾಗಾದರೆ ಅವರಿಂದ ನಿಮಗೆ ಬಂದಿರುವುದು ಏನು ಎಂಬ ಪ್ರಶ್ನೆ ಏಳುತ್ತದೆ. ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ನಿಮ್ಮದು, ನಿಮ್ಮ ಯಜಮಾನರದ್ದು, ಅವಲಂಬಿತರದ್ದು ಎಲ್ಲಾ ಆಸ್ತಿ, ಸಾಲ ಬರೆಯಬೇಕು. ಅಪ್ಪನ ಜಮೀನು ಪೌತಿ ಖಾತೆಯಾಗಿ, ಅಂದರೆ ವಾರಸುದಾರರ ಹೆಸರಿಗೆ ಬದಲಾಗದೆ, ಅವರ ಹೆಸರಲ್ಲೇ ಇದ್ದರೂ ಅದರಲ್ಲಿ ನಿಮ್ಮ ಪಾಲು ಇದ್ದೇ ಇದೆ. ಅದನ್ನು ಬಿಟ್ಟು ಬರೆದರೆ ನಾಳೆ ಮಾಹಿತಿ ಮುಚ್ಚಿಟ್ಟರು ಎನ್ನುವುದಕ್ಕೆ ದಾರಿ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಟಿಕೆಟ್ ಮಾತುಕತೆ ನಡೆಯುವ ಹೊತ್ತಿನಲ್ಲೇ ಕೆಲವು ಮನೆಗಳಲ್ಲಿ ಹಕ್ಕು ಬಿಡುಗಡೆ ಪತ್ರವೂ ಸಿದ್ಧವಾಗುತ್ತದೆ. ರಾಜಕೀಯ ನಿನಗೆ, ಜಮೀನು ನನಗೆ ಅಂತ. ಬಾಯಲ್ಲಿ ಯಾರೂ ಹಾಗೆ ಹೇಳಲ್ಲ. ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಹಿ ಬಿದ್ದಿರುತ್ತದೆ. ಸೀಟು ಐದು ವರ್ಷದ್ದು, ಅದೂ ಉಪಚುನಾವಣೆಯಾದರೆ ಉಳಿದ ಅವಧಿಯಷ್ಟೇ. ಜಮೀನು ಹಾಗಲ್ಲ. ಚುನಾವಣೆ ಮುಗಿಯುವವರೆಗೆ ಯಾವ ಬಿಡುಗಡೆ ಪತ್ರಕ್ಕೂ ಸಹಿ ಹಾಕಬೇಡಿ.

ಈಗ ಅನುಕಂಪದ ಅಲೆ. ಪಕ್ಷದವರು ನಿಮಗೆ ಪೂರ್ತಿ ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದಾರೆ.

ಗುಂಡ್ಲುಪೇಟೆ ನೋಡಿ. ಎಚ್.ಎಸ್. ಮಹದೇವಪ್ರಸಾದ್ 1994ರಿಂದ ಸತತ ಐದು ಸಲ ಗೆದ್ದವರು. ಸಚಿವರಾಗಿರುವಾಗಲೇ 2017ರ ಜನವರಿಯಲ್ಲಿ ತೀರಿಕೊಂಡರು. ಏಪ್ರಿಲ್ ಉಪಚುನಾವಣೆಯಲ್ಲಿ ಪತ್ನಿ ಗೀತಾ ಮಹದೇವಪ್ರಸಾದ್ ಗೆದ್ದರು, ಅದೇ ವರ್ಷ ಸಚಿವೆಯೂ ಆದರು. 2018ರ ಸಾರ್ವತ್ರಿಕ ಚುನಾವಣೆಯಲ್ಲಿ ಸೋತರು. ಮಧ್ಯೆ ಇದ್ದದ್ದು ಒಂದು ವರ್ಷ ಚಿಲ್ಲರೆ. 2023ರಲ್ಲಿ ಅದೇ ಕ್ಷೇತ್ರ ಮಗ ಗಣೇಶ್ ಪ್ರಸಾದ್ ಅವರಿಗೆ ಒಲಿಯಿತು. ಕುಂದಗೋಳದಲ್ಲೂ ಹೆಚ್ಚುಕಡಿಮೆ ಇದೇ ಕಥೆ. 2019ರ ಮಾರ್ಚ್‌ನಲ್ಲಿ ಸಚಿವ ಸಿ.ಎಸ್. ಶಿವಳ್ಳಿ ತೀರಿಕೊಂಡರು, ಮೇ ತಿಂಗಳ ಉಪಚುನಾವಣೆಯಲ್ಲಿ ಪತ್ನಿ ಕುಸುಮಾ ಶಿವಳ್ಳಿ 1,601 ಮತಗಳಿಂದ ಗೆದ್ದರು. 2023ರಲ್ಲಿ ಸೋತರು. 2020ರ ಶಿರಾ ಉಪಚುನಾವಣೆಯಲ್ಲಂತೂ ಅಲೆಯೇ ಏಳಲಿಲ್ಲ. ತೀರಿಕೊಂಡ ಶಾಸಕ ಬಿ. ಸತ್ಯನಾರಾಯಣ ಅವರ ಪತ್ನಿ ಅಮ್ಮಾಜಮ್ಮ ಮೂರನೇ ಸ್ಥಾನಕ್ಕೆ ಹೋದರು.

ಲೋಕಸಭೆಯದ್ದೂ ಒಂದು ಉದಾಹರಣೆ. ಬೆಳಗಾವಿಯಲ್ಲಿ ಸುರೇಶ್ ಅಂಗಡಿ ನಿಧನದ ನಂತರ 2021ರಲ್ಲಿ ಪತ್ನಿ ಮಂಗಲಾ ಅಂಗಡಿ ಕಷ್ಟಪಟ್ಟು ಗೆದ್ದರು. 2024ಕ್ಕೆ ಟಿಕೆಟ್ ಅವರ ಬೀಗರಾದ ಜಗದೀಶ್ ಶೆಟ್ಟರ್ ಅವರಿಗೆ ಹೋಯಿತು. ಬೆಂಗಳೂರು ದಕ್ಷಿಣದಲ್ಲಿ ಅನಂತಕುಮಾರ್ ತೀರಿಕೊಂಡ ಮೇಲೆ ಪತ್ನಿ ತೇಜಸ್ವಿನಿ ಅನಂತಕುಮಾರ್ ಅವರಿಗೇ ಟಿಕೆಟ್ ಎಂದು ಊರೆಲ್ಲ ಮಾತಾಡಿತ್ತು. 2019ರಲ್ಲಿ ಬಿ ಫಾರಂ, ಅಂದರೆ ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ, ಸಿಕ್ಕಿದ್ದು ತೇಜಸ್ವಿ ಸೂರ್ಯ ಅವರಿಗೆ. ನಿಮ್ಮ ಮನೆಗೆ ಬಂದ ಪಕ್ಷದವರು ಬಿ ಫಾರಂ ಕೈಯಲ್ಲಿ ಹಿಡಿದು ಬಂದಿದ್ದರಾ? ಇಲ್ಲ ಅಲ್ವಾ? ಹಾಗಾದರೆ ಅದು ಇನ್ನೂ ಮಾತಷ್ಟೇ.

ಈ ಹೆಣ್ಣುಮಕ್ಕಳೆಲ್ಲ ಕೈಲಾಗದವರು ಅಂತ ನಾನು ಹೇಳುತ್ತಿಲ್ಲ. ಉಪಚುನಾವಣೆ ನಡೆಯುವ ರೀತಿಯೇ ಬೇರೆ. ಇಡೀ ಸರ್ಕಾರ ಬಂದು ಒಂದು ತಾಲ್ಲೂಕಿನಲ್ಲಿ ಕೂರುತ್ತದೆ. ಹೋಬಳಿಗೊಬ್ಬ ಸಚಿವ, ಊರಿಗೊಬ್ಬ ಶಾಸಕ. ಮತ ಕೇಳುವವರು ಅವರು, ಲೆಕ್ಕ ಇಡುವವರು ಅವರು. ಅಭ್ಯರ್ಥಿ ಕಣ್ಣೀರು ಒರೆಸಿಕೊಂಡು ತೆರೆದ ಜೀಪಿನಲ್ಲಿ ಕೈ ಮುಗಿದು ನಿಂತರೆ ಸಾಕು. ಗೆದ್ದ ಮೇಲೆ ಅವರೆಲ್ಲ ಬೆಂಗಳೂರಿಗೆ ವಾಪಸ್. ಬೂತ್ ಮಟ್ಟದಲ್ಲಿ ಯಾರು ನಮ್ಮವರು, ಯಾರು ದುಡ್ಡಿಗೆ ಬಂದವರು ಅನ್ನುವುದು ಗೆದ್ದವರಿಗೇ ಗೊತ್ತಿರುವುದಿಲ್ಲ. ಮುಂದಿನ ಸಾರ್ವತ್ರಿಕ ಚುನಾವಣೆಗೆ ಆ ಸಚಿವರು ತಮ್ಮ ತಮ್ಮ ಕ್ಷೇತ್ರದಲ್ಲಿ ಬ್ಯುಸಿಯಾಗಿರುತ್ತಾರೆ. ನೀವೊಬ್ಬರೇ. ಆವಾಗ ಜನ ಕೇಳುವುದು, "ಅಪ್ಪ ಮಾಡಿದ್ದು ಸರಿ, ನೀವೇನು ಮಾಡಿದ್ರಿ?"

ಕಲಬುರಗಿ ಉತ್ತರ ಕ್ಷೇತ್ರದ ಕಥೆ ಇದಕ್ಕಿಂತ ಬೇರೆ ಥರ. ಖಮರುಲ್ ಇಸ್ಲಾಂ 2017ರಲ್ಲಿ ತೀರಿಕೊಂಡಾಗ ವಿಧಾನಸಭೆಯ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿತ್ತು, ಹಾಗಾಗಿ ಉಪಚುನಾವಣೆ ನಡೆಯಲಿಲ್ಲ. ಪತ್ನಿ ಕನೀಜ್ ಫಾತಿಮಾ 2018ರ ಸಾರ್ವತ್ರಿಕ ಚುನಾವಣೆಗೇ ನಿಂತು ಗೆದ್ದರು. 2023ರಲ್ಲಿ ಮತ್ತೆ ಗೆದ್ದರು. ಅವರಿಗೆ ಮೊದಲ ಸಲವೇ ಪೂರ್ತಿ ಐದು ವರ್ಷ ಸಿಕ್ಕಿತ್ತು ಎಂಬುದನ್ನು ಮರೆಯಬೇಡಿ. ಹೊಸಬರಿಗೆ ಇದು ಚಿಕ್ಕ ವಿಷಯವಲ್ಲ.

ಮನೆತನದ ಹೆಸರು ಇದ್ದರೆ ಸಾಕು ಎನ್ನುವವರಿಗೆ ನಾನು ಕೆಜಿಎಫ್ ತೋರಿಸುತ್ತೇನೆ. 2008ರಲ್ಲಿ ಅಲ್ಲಿ ವೈ. ಸಂಪಂಗಿ ಗೆದ್ದರು. 2013ರಲ್ಲಿ ಅವರ ತಾಯಿ ವೈ. ರಾಮಕ್ಕ. 2018ರಲ್ಲಿ ಸಂಪಂಗಿ ಅವರ ಮಗಳು ಅಶ್ವಿನಿ ಬಿಜೆಪಿಯಿಂದ ನಿಂತರೆ ಎದುರಿಗೆ ಕಾಂಗ್ರೆಸ್‌ನಿಂದ ಕೆ.ಎಚ್. ಮುನಿಯಪ್ಪ ಅವರ ಮಗಳು ರೂಪಕಲಾ. ಎರಡೂ ಕಡೆ ಮನೆತನವೇ! ರೂಪಕಲಾ ಗೆದ್ದರು. ಮರುವರ್ಷ ಅವರ ತಂದೆ, ಕೋಲಾರದಿಂದ ಏಳು ಸಲ ಸಂಸದರಾಗಿದ್ದವರು, ಲೋಕಸಭೆಗೆ ಸೋತರು. ಆದರೂ 2023ರಲ್ಲಿ ಮಗಳು ಅದೇ ಅಶ್ವಿನಿ ಅವರ ಎದುರು ಇನ್ನೂ ದೊಡ್ಡ ಅಂತರದಲ್ಲಿ ಗೆದ್ದರು. ಅಪ್ಪ ಸೋತ ನೆಲದಲ್ಲಿ ಮಗಳು ಮತ್ತೆ ಗೆದ್ದರೆ, ಆ ಗೆಲುವನ್ನು ಅಪ್ಪನ ಲೆಕ್ಕಕ್ಕೆ ಬರೆಯುವುದು ಕಷ್ಟ.

ಇದರ ಉಲ್ಟಾವೂ ಇದೆ. ಜಯನಗರದಲ್ಲಿ ರಾಮಲಿಂಗಾರೆಡ್ಡಿ ಅವರ ಮಗಳು ಸೌಮ್ಯಾ ರೆಡ್ಡಿ 2018ರಲ್ಲಿ ಗೆದ್ದರು. 2023ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಅಲೆ, ಪಕ್ಕದ ಬಿಟಿಎಂ ಲೇಔಟ್‌ನಲ್ಲಿ ಅಪ್ಪ ಗೆದ್ದರು. ಮಗಳು ಮರುಎಣಿಕೆಯಾಗಿ 16 ಮತಗಳಿಂದ ಸೋತರು. ಹದಿನಾರು! ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿ. ಮೂಡಿಗೆರೆಯಲ್ಲಿ ಮೋಟಮ್ಮ ಅವರ ಮಗಳು ನಯನಾ ಮೋಟಮ್ಮ ಗೆದ್ದ ಅಂತರವೂ ಸಾವಿರ ಮುಟ್ಟಲಿಲ್ಲ.

2023ರಲ್ಲಿ ಗೆದ್ದ 224 ಮಂದಿಯಲ್ಲಿ ಹೆಂಗಸರು ಬರೀ 10. ಆ ಹತ್ತರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವುದಾದರೂ ರಾಜಕಾರಣಿಯ ಮಗಳೋ ಹೆಂಡತಿಯೋ ಆಗಿದ್ದಾರೆ. ಇದನ್ನು ನೋಡಿ ಕುಟುಂಬ ರಾಜಕಾರಣ ಅಂತ ಮೂಗು ಮುರಿಯುವವರು ಇದ್ದಾರೆ. ಮುರಿಯಲಿ, ತಪ್ಪಿಲ್ಲ. ಆದರೆ ಕಾರಣವನ್ನೂ ನೋಡಬೇಕು. ಪಕ್ಷಗಳು ಟಿಕೆಟ್ ಕೊಡುವಾಗ ಕೇಳುವುದು ಎರಡೇ. ಖರ್ಚು ಮಾಡುತ್ತೀರಾ, ಓಡಾಡಿ ಕೆಲಸ ಮಾಡುವ ಹುಡುಗರಿದ್ದಾರಾ? ಸಾಮಾನ್ಯ ಮನೆಯ ಹೆಣ್ಣುಮಗಳಿಗೆ ಇವೆರಡೂ ಇರುವುದಿಲ್ಲ. ಗ್ರಾಮ ಪಂಚಾಯ್ತಿಯಿಂದ ಜಿಲ್ಲಾ ಪಂಚಾಯ್ತಿವರೆಗೆ ಹೆಂಗಸರಿಗೆ ಅರ್ಧ ಸೀಟು ಇದೆ, ಮೇಲೆ ಹತ್ತುವ ಮೆಟ್ಟಿಲು ಮಾತ್ರ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಹೀಗಾಗಿ ಕೆಳಗಿನಿಂದ ಬರಬೇಕಾದವರು ಕೆಳಗೇ ಉಳಿದರು. ನಿಮಗೆ ಬಾಗಿಲು ತೆರೆದಿರುವುದು ಮನೆತನದಿಂದ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ವೇದಿಕೆ ಮೇಲೆ ನೀವೇ ಹೇಳಿಬಿಡಿ, ಎದುರಾಳಿಗೆ ಒಂದು ಭಾಷಣ ಕಡಿಮೆಯಾಗುತ್ತದೆ.

ಸರಿ, ಅಣ್ಣ.

ಶಾಸಕಿಯ ಮನೆ ಬೆಳಿಗ್ಗೆ ಏಳು ಗಂಟೆಗೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ, ಅಲ್ಲೇ ಬೆಳೆದವರು. ವರ್ಗಾವಣೆಗೆ ಶಿಫಾರಸು ಪತ್ರ ಬೇಕು ಎನ್ನುವ ಮೇಷ್ಟ್ರು. ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ಬಗರ್‌ಹುಕುಂ ಅರ್ಜಿ ಹಿಡಿದ ಅಜ್ಜ. ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ದಿನವಾಯ್ತು ಎನ್ನುವ ಊರಿನವರು. ನಾನು ಒಬ್ಬ ಶಾಸಕಿಯ ಮನೆಯಲ್ಲಿ ಕೂತಿದ್ದೆ, ಹೆಸರು ಬೇಡ. ಒಬ್ಬ ಹೆಂಗಸು ಮಗಳ ಹಾಸ್ಟೆಲ್ ಸೀಟಿಗೆ ಪತ್ರ ಕೇಳಿದಳು. ಶಾಸಕಿ ಪೆನ್ನು ತೆಗೆದರು. ಲೆಟರ್‌ಹೆಡ್ ಇರಲಿಲ್ಲ. ಆಪ್ತ ಸಹಾಯಕ ತಲೆ ತಗ್ಗಿಸಿ, "ಪ್ಯಾಡ್ ಸಾಹೇಬ್ರ ಕಾರಲ್ಲಿದೆ ಮೇಡಂ" ಎಂದ. ಸಾಹೇಬರು ಎಂದರೆ ಅವರ ಮೈದುನ. ಗುದ್ದಲಿ ಪೂಜೆಗೆ ಹೋಗಿದ್ದರು. ಆ ಹೆಂಗಸು ಒಂದು ಗಳಿಗೆ ನಿಂತು, "ಸಾಹೇಬ್ರು ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದಳು. ಶಾಸಕಿಯನ್ನಲ್ಲ, ಸಹಾಯಕನನ್ನು. ಆ ತಾಲ್ಲೂಕಿನಲ್ಲಿ ಮರುದಿನದಿಂದ ಯಾರ ನಂಬರಿಗೆ ಫೋನ್ ಹೋಗುತ್ತದೆ, ನೀವೇ ಹೇಳಿ.

ಇದು ಬರೀ ಮರ್ಯಾದೆ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆಯೂ ಹೌದು. ಅಣ್ಣ ಎಲ್ಲಾ ನೋಡಿಕೊಳ್ಳುವುದೆಂದರೆ ಮೊದಲ ಹೆಜ್ಜೆ ಅವರನ್ನು ಚುನಾವಣಾ ಏಜೆಂಟ್ ಮಾಡುವುದು. ಹೆಚ್ಚಿನವರು ಅದನ್ನು ಬರೀ ಪಾಸ್ ಕೊಡಿಸುವ ಕೆಲಸ ಎಂದುಕೊಂಡಿದ್ದಾರೆ. ಹಾಗಲ್ಲ. ಬೇರೆ ಯಾರೋ ಹಣ ಹಂಚಿದರೆ ಅದು ನಿಮ್ಮ ಅಥವಾ ನಿಮ್ಮ ಚುನಾವಣಾ ಏಜೆಂಟರ ಒಪ್ಪಿಗೆಯಿಂದ ಆಯಿತು ಎಂದು ಎದುರಾಳಿ ಸಾಬೀತು ಮಾಡಬೇಕು. ನಿಮ್ಮ ಚುನಾವಣಾ ಏಜೆಂಟೇ ಹಂಚಿದ ಎಂದು ಸಾಬೀತಾದರೆ ಅಷ್ಟೇ ಸಾಕು, ನಿಮಗೆ ಗೊತ್ತಿತ್ತೋ ಇಲ್ಲವೋ ಬೇಕಿಲ್ಲ. ಆಯ್ಕೆ ರದ್ದಾಗಬಹುದು, ಆರು ವರ್ಷದವರೆಗೆ ಅನರ್ಹತೆಯೂ ಬರಬಹುದು. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಅರ್ಜಿ ಹಾಕಲು ಅವಕಾಶವಿದೆ. ಖರ್ಚಿನ ಮಿತಿ 40 ಲಕ್ಷ. 30 ದಿನದೊಳಗೆ ಲೆಕ್ಕ ಕೊಡಬೇಕಾದವರು ನೀವು. ಅಣ್ಣನನ್ನು ಏಜೆಂಟ್ ಮಾಡಬೇಡಿ. ನಿಮ್ಮ ಮಾತು ಕೇಳುವ, ಲೆಕ್ಕ ಬರೆಯಲು ಬರುವ ಒಬ್ಬರನ್ನು ಮಾಡಿ. ಅಪ್ಪನ ಹಳೆಯ ಬೂತ್ ಹುಡುಗರನ್ನು ಸಂಭಾಳಿಸುವ ಕೆಲಸ ಅಣ್ಣನದ್ದೇ ಇರಲಿ, ಅದು ಅವರಿಗೆ ಚೆನ್ನಾಗಿ ಬರುತ್ತದೆ.

ಗೆದ್ದ ಮೇಲೂ ಅಷ್ಟೇ. ಬಗರ್‌ಹುಕುಂ ಸಮಿತಿಯ ಅಧ್ಯಕ್ಷರು ಶಾಸಕರು. ತಾಲ್ಲೂಕಿನ ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆ ನಡೆಸುವವರು ಶಾಸಕರು. ವರ್ಷಕ್ಕೆ 2 ಕೋಟಿ ಶಾಸಕರ ನಿಧಿ. ಇವೆಲ್ಲ ನಿಮ್ಮ ಸಹಿಯ ಮೇಲೆ ನಡೆಯುವ ಕೆಲಸ, ನಾಳೆ ತನಿಖೆ ಬಂದರೆ ಉತ್ತರ ಹೇಳಬೇಕಾದವರೂ ನೀವೇ. ಅಣ್ಣ ಗುತ್ತಿಗೆದಾರರು ಎಂದಿರಿ. ನಿಮ್ಮ ಕ್ಷೇತ್ರದೊಳಗಿನ ಕಾಮಗಾರಿಗೆ ಅವರು ಟೆಂಡರ್ ಹಾಕುವುದಿಲ್ಲ ಎಂಬ ಮಾತನ್ನು ಬಿ ಫಾರಂ ಬರುವ ಮುಂಚೆಯೇ ಆಡಿ ಮುಗಿಸಿ. ಕಾನೂನು ಅವರನ್ನು ತಡೆಯದಿರಬಹುದು. ಆದರೆ ಪ್ರತಿ ಕಿತ್ತ ರಸ್ತೆಯ ಮೇಲೂ ಜನ ನಿಮ್ಮ ಹೆಸರು ಓದುತ್ತಾರೆ. ಅಣ್ಣ ಇದಕ್ಕೆ ಒಪ್ಪದಿದ್ದರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ನಿಲ್ಲಬೇಡಿ.

ಒಂದು ಅವಧಿ ಇದ್ದು ವಾಪಸ್ ಬರಬಹುದಾ ಎಂದು ಕೇಳಿದ್ದೀರಿ. ಬರಬಹುದು, ಯಾರೂ ಕಟ್ಟಿಹಾಕಲ್ಲ. ಆದರೆ ಅದನ್ನು ಈಗಲೇ ಬಾಯಿಬಿಟ್ಟರೆ ಮೊದಲ ದಿನದಿಂದಲೇ ಎಲ್ಲರೂ ನಿಮ್ಮ ನಂತರದವರನ್ನು ಹುಡುಕಲು ಶುರು ಮಾಡುತ್ತಾರೆ. ರಾಮನಗರದಲ್ಲಿ ಅನಿತಾ ಕುಮಾರಸ್ವಾಮಿ 2018ರ ಉಪಚುನಾವಣೆಯಲ್ಲಿ ಲಕ್ಷ ಮೀರಿದ ಅಂತರದಿಂದ ಗೆದ್ದರು. ಬಿಜೆಪಿ ಅಭ್ಯರ್ಥಿ ಮತದಾನಕ್ಕೆ ಎರಡು ದಿನ ಇರುವಾಗ ಕಾಂಗ್ರೆಸ್ ಸೇರಿದ್ದರು, ಪೈಪೋಟಿಯೇ ಇರಲಿಲ್ಲ. 2023ರಲ್ಲಿ ಆ ಸೀಟನ್ನು ಮಗ ನಿಖಿಲ್‌ಗೆ ಬಿಟ್ಟುಕೊಟ್ಟರು. ನಿಖಿಲ್ ಸೋತರು. ಒಬ್ಬರಿಂದ ಒಬ್ಬರಿಗೆ ದಾಟಿಸಿದ ಸೀಟು ಹಾಗೇ ದಾಟುತ್ತದೆಂಬ ಭರವಸೆ ಇಲ್ಲ.

ಈಗ ನಿಲ್ಲದೆ ಇರುವುದೂ ಒಂದು ದಾರಿಯೇ. ಪಕ್ಷ ಬೇರೆಯವರಿಗೆ ಟಿಕೆಟ್ ಕೊಡುತ್ತದೆ, ನೀವು ಸಂಘಟನೆಯಲ್ಲಿ ಒಂದು ಜವಾಬ್ದಾರಿ ತೆಗೆದುಕೊಂಡು ಮುಂದಿನ ಸಾರ್ವತ್ರಿಕ ಚುನಾವಣೆಗೆ ಕಾಯುತ್ತೀರಿ. ಕೇಳಲು ಚೆಂದ. ಅಪಾಯ ಏನೆಂದರೆ, ಈಗ ಗೆದ್ದವರು ಆಮೇಲೆ ಸೀಟು ಬಿಡಲ್ಲ, ಅಪ್ಪನ ಹುಡುಗರೂ ಆ ಹೊತ್ತಿಗೆ ಅವರ ಬಾಗಿಲಲ್ಲಿರುತ್ತಾರೆ. ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ್ ಅವರದ್ದು ನೆನಪಿಡಬೇಕಾದ ಹಾದಿ. ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು, ಅಣ್ಣತಮ್ಮಂದಿರಲ್ಲಿ ಎಂ.ಪಿ. ರವೀಂದ್ರ ಅದೇ ಕ್ಷೇತ್ರದ ಶಾಸಕರಾಗಿದ್ದವರು. ರವೀಂದ್ರ 2018ರ ಚುನಾವಣೆಯಲ್ಲಿ ಸೋತು, ಅದೇ ವರ್ಷ ತೀರಿಕೊಂಡರು. ಅಲ್ಲಿಂದ 2023ರವರೆಗೆ ಲತಾ ಕ್ಷೇತ್ರ ಸುತ್ತಿದರು. ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ಪಕ್ಷೇತರರಾಗಿ ನಿಂತು ಹಾಲಿ ಶಾಸಕ ಕರುಣಾಕರ ರೆಡ್ಡಿ ಅವರನ್ನು ಸೋಲಿಸಿದರು. ನನ್ನ ಮಟ್ಟಿಗೆ ಈ ಹತ್ತು ಗೆಲುವುಗಳಲ್ಲಿ ಅದೇ ಗಟ್ಟಿ ಗೆಲುವು. ಆದರೆ ಇದನ್ನು ನೋಡಿ ಎಲ್ಲರೂ ಪಕ್ಷೇತರರಾಗಿ ಧುಮುಕಿದರೆ ಠೇವಣಿ ಹೋಗುವವರೇ ಜಾಸ್ತಿ. ಚಲಾಯಿತ ಮತದ ಆರನೇ ಒಂದು ಭಾಗ ದಾಟದಿದ್ದರೆ 10,000 ರೂಪಾಯಿ ಠೇವಣಿ ವಾಪಸ್ ಬರಲ್ಲ. ಅದು ಚಿಲ್ಲರೆ ದುಡ್ಡು, ಉಳಿದ ಸಾಲ ಚಿಲ್ಲರೆ ಇರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಕಡೆ ಸಾರ್ವತ್ರಿಕ ಚುನಾವಣೆಗೆ ಎರಡು ವರ್ಷಕ್ಕಿಂತ ಜಾಸ್ತಿ ಸಮಯವಿದ್ದು, ಕ್ಲಿನಿಕ್ ಬೇರೆಯವರಿಗೆ ಒಪ್ಪಿಸಿ ಕ್ಷೇತ್ರದಲ್ಲೇ ಮನೆ ಮಾಡಲು ನಿಮ್ಮಿಂದ ಸಾಧ್ಯವಿದ್ದರೆ ನಿಲ್ಲಿ. ಮೊದಲ ಗೆಲುವು ಅಪ್ಪನದ್ದೇ ಆಗಿರುತ್ತದೆ, ಆಗಲಿ. ಎರಡನೆಯದಕ್ಕೆ ಬೇಕಾದಷ್ಟು ದಿನ ಕೈಯಲ್ಲಿರಬೇಕು. ಒಂದೂವರೆ ವರ್ಷಕ್ಕಿಂತ ಕಡಿಮೆ ಇದ್ದರೆ ಗುಂಡ್ಲುಪೇಟೆಯ ಗೀತಾ ಅವರಿಗೆ ಆದದ್ದೇ ನಿಮಗೂ ಆಗುವ ಸಂಭವ ಜಾಸ್ತಿ. ಆವಾಗ ಬೇಡ ಎನ್ನಿ.

ಸೀಟು ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು, ಎರಡು ತಿಂಗಳು ಆಗಲೇ ಕಳೆದಿದೆ. ನಿಲ್ಲುವುದೋ ಬೇಡವೋ ತೀರ್ಮಾನ ಆಗುವ ತನಕ ಕಾಯದೆ ಮೂರು ಕೆಲಸ ಶುರು ಮಾಡಿ. ಪೌತಿ ಖಾತೆಗೆ ಅರ್ಜಿ ಕೊಡಿ. ಅಣ್ಣನ ಸಂಸ್ಥೆಗಳ ಪಾಲುದಾರಿಕೆ ಪತ್ರಗಳ ನಕಲು ತರಿಸಿ. ವೋಟು ಮೈಸೂರಿನಲ್ಲೇ ಇರುವುದರಿಂದ ಅಲ್ಲಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಭಾಗದ ದೃಢೀಕೃತ ನಕಲನ್ನು ನಾಮಪತ್ರದ ಜೊತೆ ಅಥವಾ ಪರಿಶೀಲನೆಯ ಹೊತ್ತಿಗೆ ಹಾಜರುಪಡಿಸಬೇಕು, ಅದಕ್ಕೂ ಅರ್ಜಿ ಹಾಕಿಡಿ. ನಾಮಪತ್ರದಲ್ಲಿ ನಿಮ್ಮ ಹೆಸರು ಸೂಚಿಸುವ ಸೂಚಕರ ಸಹಿ ಮಾತ್ರ ನೀವು ನಿಲ್ಲುವ ಕ್ಷೇತ್ರದ ಮತದಾರರದ್ದೇ ಆಗಿರಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬರು ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು.